ಕಾಣದ ನಾಲ್ಕನೆಯ ಸಿಂಹ

ಚಿತ್ರವೆಂದರೆ ಕಾಗದದ ಮೇಲೋ ಗೋಡೆಯ ಮೇಲೋ ಬರೆದ ಆಕೃತಿ ಎಂಬುದು ಈಗಿನ ರೂಢಿ. ನಮ್ಮ ಶಿಲ್ಪಶಾಸ್ತ್ರಕಾರರ ಸಂಪ್ರದಾಯವು ಬೇರೆ. ಸುತ್ತಲೂ ಪೂರ್ಣವಾಗಿ ಕಡೆದ ಪ್ರತಿಮೆಯನ್ನು ಅವರು ‘ಚಿತ್ರ’ವೆಂದರು. ಮುಂಭಾಗವು ಮಾತ್ರ ಉಬ್ಬಿ, ಹಿಂಭಾಗವು ಕಲ್ಲಿನಲ್ಲಿಯೇ ಸೇರಿಕೊಂಡಿರುವುದು ‘ಅರ್ಧಚಿತ್ರ’. ಬಣ್ಣದಿಂದ ಬರೆದುದಕ್ಕೆ ಅವರಿಟ್ಟ ಹೆಸರು ‘ಚಿತ್ರಾಭಾಸ’. ಅಂದರೆ ಚಿತ್ರದ ತೋರಿಕೆ ಮಾತ್ರ. ನಾವು ಶಾಲೆಯಲ್ಲಿ ಈ ಮಾತನ್ನು ಹೇಳುವಾಗ ವಿದ್ಯಾರ್ಥಿಗಳು ಹೆಸರುಗಳು ತಲೆಕೆಳಗಾಗಿವೆಯೆಂದು ನಗುತ್ತಿದ್ದುದುಂಟು. ಆದರೆ ಈಚೆಗೆ ಮಕ್ಕಳು ಕೈಕೊಂಡಿರುವ ಒಂದು ವಿನೋದವನ್ನು ನೋಡಿದರೆ, ಶಾಸ್ತ್ರಕಾರರ ಎಣಿಕೆಯಲ್ಲಿ ಹುರುಳಿದೆಯೆಂದು ಯಾರಿಗಾದರೂ ತೋರದಿರದು.

ಆ ವಿನೋದವೆಂದರೆ ಚಪ್ಪಟೆಯಾದ ಲಾಂಛನಗಳನ್ನು ಗಾತ್ರವುಳ್ಳ ಆಕೃತಿಗಳನ್ನಾಗಿ ಮಾಡುವುದು. ಶಾಲೆಯ ಮುದ್ರೆ, ಆಟದ ತಂಡದ ಗುರುತು, ಮೊಬೈಲಿನ ಪರದೆಯ ಮೇಲಣ ಪುಟ್ಟ ಚಿಹ್ನೆ, ಇವುಗಳ ರೇಖೆಯನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ, ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರದ ಮೇಲೆ ಪದರವಾಗಿ ಇಡುವ ಯಂತ್ರದಿಂದ ಅಚ್ಚುಮಾಡಿಸುತ್ತಾರೆ. ಯಂತ್ರವು ಹೊಸದಾದರೂ ಉಪಾಯಗಳು ಗೃಹಸ್ಥರಿಗೆ ಅಪರಿಚಿತವಲ್ಲ. ಮೊದಲನೆಯದು ಚಕ್ಕುಲಿಯ ಒರಳಿನ ಉಪಾಯ. ಬಿಲ್ಲೆಯಲ್ಲಿ ನಕ್ಷತ್ರಾಕಾರದ ರಂಧ್ರವಿದ್ದರೆ ಹಿಟ್ಟು ಎಷ್ಟು ಉದ್ದ ಇಳಿದರೂ ನಕ್ಷತ್ರವು ಮಾರ್ಪಡುವುದಿಲ್ಲ. ಹಾಗೆಯೇ ರೇಖೆಯನ್ನು ನೇರವಾಗಿ ಮುಂದಕ್ಕೆ ಎಳೆದರೆ ಅದಕ್ಕೆ ದಪ್ಪವು ಬರುತ್ತದೆ. ಎರಡನೆಯದು ಕುಂಬಾರನ ಚಕ್ರದ ಉಪಾಯ. ಗಡಿಗೆಯ ಒಂದು ಅಂಚನ್ನು ಮಾತ್ರ ಬರೆದು ನಡುಗೆರೆಯ ಸುತ್ತಲೂ ತಿರುಗಿಸಿದರೆ ಇಡೀ ಗಡಿಗೆಯೇ ಆಗುವುದು. ಮೂರನೆಯದು ಚೌತಿಯ ಗಣಪತಿಯನ್ನು ಮಾಡುವವನ ಉಪಾಯ. ಅಲ್ಲಿ ಒರಳೂ ಇಲ್ಲ, ಚಕ್ರವೂ ಇಲ್ಲ; ಸುತ್ತಲೂ ನೋಡಿ ನೋಡಿ ಕೈಯಿಂದಲೇ ತಿದ್ದಬೇಕು.

ಅಕ್ಷರಕ್ಕೂ ನಕ್ಷತ್ರಕ್ಕೂ ಮೊದಲನೆಯ ಉಪಾಯವು ಸಾಕು. ಕಲಶಕ್ಕೂ ದೀಪದ ಕಂಬಕ್ಕೂ ಎರಡನೆಯದು ಸಾಕು. ಆದರೆ ಲಾಂಛನದಲ್ಲಿ ಪ್ರಾಣಿಯಿದ್ದರೆ ಮೂರನೆಯದನ್ನೇ ಆಶ್ರಯಿಸಬೇಕಾಗುತ್ತದೆ. ಆಗ ಬರೆದವನು ಬಿಟ್ಟ ಭಾಗವನ್ನು ಎಲ್ಲಿಂದ ತರಬೇಕೆಂಬ ಪ್ರಶ್ನೆಯು ಏಳುವುದು. ಇದಕ್ಕೆ ನಮ್ಮ ರಾಷ್ಟ್ರಲಾಂಛನಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಈ ಲಾಂಛನದ ಮೂಲವು ಶಿಲೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕನು ಸಾರನಾಥದಲ್ಲಿ ನಿಲ್ಲಿಸಿದ ಸ್ತಂಭದ ಶಿರೋಭಾಗವದು. ಓರ್ಟೆಲ್ ಎಂಬವರು ೧೯೦೪-೦೫ರಲ್ಲಿ ನಡೆಸಿದ ಉತ್ಖನನದಲ್ಲಿ ದೊರೆಯಿತು. ಸುಮಾರು ಏಳು ಅಡಿ ಎತ್ತರದ ಆ ಮರಳುಗಲ್ಲಿನಲ್ಲಿ ನಾಲ್ಕು ಸಿಂಹಗಳು ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕು ದಿಕ್ಕುಗಳನ್ನು ನೋಡುತ್ತಿವೆ. ಅವುಗಳ ಕೆಳಗಿನ ಪಟ್ಟಿಯಲ್ಲಿ ಆನೆ, ಗೂಳಿ, ಕುದುರೆ, ಸಿಂಹ ಎಂಬ ನಾಲ್ಕು ಪ್ರಾಣಿಗಳೂ, ಅವುಗಳ ನಡುನಡುವೆ ಇಪ್ಪತ್ತನಾಲ್ಕು ಅರಗಳ ಚಕ್ರಗಳೂ ಇವೆ. ಅದರ ಕೆಳಗೆ ಗಂಟೆಯಾಕಾರದ ಕಮಲ. ೧೯೫೦ನೆಯ ಇಸವಿ ಜನವರಿ ೨೬ರಂದು ಸ್ವೀಕೃತವಾದ ಲಾಂಛನದಲ್ಲಿ ಕಮಲವನ್ನು ಬಿಡಲಾಯಿತು. ಸಿಂಹಗಳು ಮೂರೇ ಕಾಣುವುವು. ನಡುವೆ ಒಂದು ಚಕ್ರ, ನೋಡುವವರ ಬಲಕ್ಕೆ ಗೂಳಿ, ಎಡಕ್ಕೆ ಕುದುರೆ. ಆನೆಯೂ ಕೆಳಗಿನ ಸಿಂಹವೂ ಹಿಂದೆ ಮರೆಯಾದುವು.

ನಮ್ಮ ಮೊಮ್ಮಗನು ಪಾಠದ ಪುಸ್ತಕದಲ್ಲಿದ್ದ ಈ ಲಾಂಛನವನ್ನು ಚಕ್ಕುಲಿಯ ಉಪಾಯದಿಂದ ದಪ್ಪಮಾಡಿ ಅಚ್ಚುಮಾಡಿಸಿದನು. ನೆರೆಮನೆಯಲ್ಲಿ ಹುಟ್ಟಿನಿಂದ ಕಣ್ಣಿಲ್ಲದ ಹುಡುಗಿಯೊಬ್ಬಳಿದ್ದಾಳೆ. ಕಾಲೇಜಿನಲ್ಲಿ ಇತಿಹಾಸವನ್ನು ಓದುತ್ತಾಳೆ. ಮೊಮ್ಮಗನು ಅದನ್ನು ಹೆಮ್ಮೆಯಿಂದ ಅವಳ ಕೈಯಲ್ಲಿಟ್ಟನು. ಅವಳು ಅಂಚನ್ನು ಸವರಿ, ಮಗುಚಿ, ಹಿಂಬದಿಯ ನುಣುಪನ್ನು ಮುಟ್ಟಿ, “ತಾತ, ಇದರ ಹಿಂದೆ ಏನೂ ಇಲ್ಲವೆ?” ಎಂದು ಕೇಳಿದಳು. ಕಣ್ಣುಳ್ಳವರಿಗೆ ಚಪ್ಪಟೆಯ ಚಿತ್ರವು ಮೂಲವನ್ನು ನೆನಪಿಗೆ ತರುತ್ತದೆ. ಅವಳಿಗಾದರೋ ಕೈಗೆ ಸಿಕ್ಕಿದ್ದಷ್ಟೇ ವಸ್ತು.

ಮುಂದಿನ ಎರಡು ಭಾನುವಾರಗಳು ಜೇಡಿಮಣ್ಣಿನ ಕೆಲಸದಲ್ಲಿ ಕಳೆದುವು. ಹಿಂಬದಿಗೂ ಗೂಳಿ ಕುದುರೆಗಳನ್ನೇ ಇನ್ನೊಮ್ಮೆ ಇಟ್ಟುಬಿಡೋಣವೆಂದು ಹುಡುಗನು ಆತುರಪಟ್ಟನು. ನಾವು ಒಪ್ಪದೆ, ಮೂಲಶಿಲ್ಪದ ನಾಲ್ಕು ಕಡೆಯ ಛಾಯಾಚಿತ್ರಗಳನ್ನೂ ಹುಡುಕಿಸಿದೆವು. ಚಿಕ್ಕ ಚಕ್ರದ ಅರಗಳು ಬೆರಳಿಗೆ ತಿಳಿಯದೆ ಗಂಟಾದುದರಿಂದ, ಒಂದು ಚಕ್ರವನ್ನು ತಟ್ಟೆಯಗಲಕ್ಕೆ ಬೇರೆಯಾಗಿಯೇ ಮಾಡಿಟ್ಟೆವು. ಆಕೆ ಬಂದು ಅರಗಳನ್ನು ಎಣಿಸಿದಳು, ಇಪ್ಪತ್ತನಾಲ್ಕು ಸರಿಹೋಯಿತು. ಬಳಿಕ ಸಿಂಹಗಳ ಕೇಸರವನ್ನು ಹಿಡಿದು ಸುತ್ತಿ ಸುತ್ತಿ ಬಂದು, “ಇದಕ್ಕೆ ಮುಂದೆ ಹಿಂದೆ ಎಂಬುದೇ ಇಲ್ಲವಲ್ಲ ತಾತ!” ಎಂದಳು. ಮೂವತ್ತು ವರ್ಷ ಈ ಲಾಂಛನವಿದ್ದ ಗೋಡೆಯ ಕೆಳಗೆ ಕುಳಿತು ಪಾಠ ಹೇಳಿದ ನಮಗೆ ಆ ಮಾತು ಹೊಚ್ಚಹೊಸದಾಗಿ ಕೇಳಿಸಿತು. ನಿಜವೇ. ಕಾಗದವು ಒಂದು ಮುಖವನ್ನು ಆರಿಸಿಕೊಳ್ಳುತ್ತದೆ. ಶಿಲ್ಪಿಯು ಹಾಗೆ ಆರಿಸಿರಲಿಲ್ಲ. ಯಾವ ದಿಕ್ಕಿನಿಂದ ಬಂದವನಿಗೂ ಒಂದು ಸಿಂಹವು ಎದುರಾಗಲೆಂದೇ ಅವನು ನಾಲ್ಕನ್ನು ಕಡೆದಿದ್ದನು.

ಗಾತ್ರ ಬಂದೊಡನೆ ಹೊಣೆಯೂ ಬರುತ್ತದೆ. ೨೦೨೨ರ ಜುಲೈ ೧೧ರಂದು ದೆಹಲಿಯ ಹೊಸ ಸಂಸದ್ಭವನದ ಮೇಲೆ ಇದೇ ಲಾಂಛನದ ಕಂಚಿನ ರೂಪವು ಅನಾವರಣಗೊಂಡಿತು. ಎತ್ತರ ೬.೫ ಮೀಟರು, ತೂಕ ೯,೫೦೦ ಕಿಲೋಗ್ರಾಂ. ಸಿಂಹಗಳ ಮುಖವು ಮೂಲಕ್ಕಿಂತ ಉಗ್ರವಾಯಿತೆಂದು ಕೆಲವರೂ, ಕೆಳಗಿನಿಂದ ನೋಡುವುದರಿಂದ ಹಾಗೆ ತೋರುತ್ತದೆಯೆಂದು ಕೆಲವರೂ ವಾದಿಸಿದರು. ನಾಣ್ಯದ ಮೇಲೆ ಒಂದು ಗೆರೆಯಲ್ಲಿ ಮುಗಿಯುವ ಬಾಯಿಗೆ ಕಂಚಿನಲ್ಲಿ ಆಳ ಬೇಕು, ಹಲ್ಲು ಬೇಕು, ನೋಡುವ ಕೋನವೂ ಬೇಕು. ಬರೆಯುವವನು ಬಿಡಬಹುದಾದುದನ್ನು ಕಡೆಯುವವನು ಬಿಡಲಾರನು.

ಆದುದರಿಂದ ಮನೆಯ ಮಕ್ಕಳು ಇಂಥ ಕೆಲಸಕ್ಕೆ ಕುಳಿತಾಗ ಹಿರಿಯರು ವಿನೋದವೆಂದು ತಳ್ಳಿಬಿಡದೆ, ಇದರ ಹಿಂದೆ ಏನಿದೆಯೆಂದು ಒಂದು ಮಾತು ಕೇಳಬೇಕು. ಉತ್ತರವು ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಮೂಲವನ್ನು ಹುಡುಕಿಕೊಂಡು ಹೋಗಬೇಕು. ಮಾಡಿ ಮುಗಿಸಿದ ವಸ್ತುವನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕದೆ, ಮುಟ್ಟಿ ನೋಡಬೇಕಾದವರ ಕೈಗೆ ಕೊಡಬೇಕು. ಆಭಾಸವು ಚಿತ್ರವಾಗುವುದು ಅಲ್ಲಿಯೇ.