ವೃತ್ತದೊಳಗಿನ ಬಿಂದು

ಮಗಳೂ ನನ್ನ ಹಾಗೆ ಕಂಪ್ಯೂಟರ್ ಹಾದಿ ಹಿಡಿದಿದ್ದಾಳೆ. ಈಗ ಡಿಪ್ಲೊಮಾ ಎರಡನೇ ವರ್ಷ. ಮೂಗು ಮಾತ್ರ ನಮ್ಮತ್ತೆಯದು. ಬೇಡವೆಂದರೂ ಬಂದದ್ದು, ಬದಲಾಯಿಸುವ ಹಾಗಿಲ್ಲ. ಪ್ರೋಗ್ರಾಂ ಬರೆಯುವ ನಾವು ಇನ್‌ಹೆರಿಟೆನ್ಸ್ ಎನ್ನುವುದೂ ಇದನ್ನೇ. ತಾಯಿ ಕ್ಲಾಸಿನಲ್ಲಿ ಇರುವುದೆಲ್ಲ ಮರಿ ಕ್ಲಾಸಿಗೆ ತಾನಾಗಿ ಬರುತ್ತದೆ. (ಕ್ಲಾಸ್ ಎಂದರೆ ಇಲ್ಲಿ ತರಗತಿಯಲ್ಲ, ಅಚ್ಚು. ‘ವೃತ್ತ’ದ ಅಚ್ಚು ಒಂದಿದ್ದರೆ ಎಷ್ಟು ವೃತ್ತ ಬೇಕಾದರೂ ಒತ್ತಬಹುದು.) ನಾರ್ವೆಯ ನೈಗಾರ್ಡ್ ಮತ್ತು ಡಾಲ್ 1960ರ ದಶಕದಲ್ಲಿ ‘ಸಿಮ್ಯುಲಾ 67’ ಭಾಷೆಯಲ್ಲಿ ಇದನ್ನು ತಂದರು. ಬರೆದದ್ದನ್ನೇ ಮತ್ತೆ ಬರೆಯುವ ಕಷ್ಟ ಎಷ್ಟೋ ತಪ್ಪಿತು.

ಕಳೆದ ತಿಂಗಳ ಕಿರುಪರೀಕ್ಷೆಯಲ್ಲಿ ‘ಬಿಂದು’ ಕ್ಲಾಸಿನಿಂದ ‘ವೃತ್ತ’ವನ್ನು ಇನ್‌ಹೆರಿಟ್ ಮಾಡಲು ಕೇಳಿದ್ದರು. ಬಿಂದುವಿಗೆ ಎಕ್ಸ್, ವೈ ಎಂಬ ಎರಡು ಸಂಖ್ಯೆ. ತ್ರಿಜ್ಯ ಸೇರಿಸಿದರೆ ವೃತ್ತ ಸಿದ್ಧ. ಕೆಲವು ಪಠ್ಯಪುಸ್ತಕಗಳಲ್ಲೂ ಹೀಗೇ ಇದೆ. ಇವಳು ವೃತ್ತದ ಒಳಗೆ ‘ಕೇಂದ್ರ’ ಎಂದು ಒಂದು ಬಿಂದುವನ್ನಿಟ್ಟು, ಪಕ್ಕದಲ್ಲೇ ಬರೆದಳು: ವೃತ್ತವು ಬಿಂದುವಲ್ಲ, ವೃತ್ತಕ್ಕೆ ಒಂದು ಬಿಂದು ಇದೆ. 5ಕ್ಕೆ 1 ಅಂಕ ಬಂತು.

ಎರಡು ದಿನ ಪುಸ್ತಕ ಮುಟ್ಟಲಿಲ್ಲ. ‘ಅಮ್ಮಾ, ಯೋಚನೆ ಮಾಡಿದ್ದೇ ತಪ್ಪಾ?’ ಎಂದಾಗ ಹೊಟ್ಟೆ ಚುರುಕ್ಕೆಂದಿತು. ಕೇಳಿದ್ದನ್ನು ಬರೆಯಲಿಲ್ಲ, ಅಂಕ ಹೋಯಿತು, ಅದಿರಲಿ. ವಿಷಯದಲ್ಲಿ ಅವಳದ್ದೇ ಸರಿ.

ವೃತ್ತವೂ ಬಿಂದುವೇ ಎಂದು ಒಪ್ಪಿದರೆ, ಎರಡು ಬಿಂದುಗಳ ನಡುವಿನ ದೂರ ಹೇಳುವ ಪ್ರೋಗ್ರಾಮಿಗೆ ಎರಡು ವೃತ್ತ ಕೊಟ್ಟರೂ ಅದು ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. 5 ಸೆಂಟಿಮೀಟರ್ ತ್ರಿಜ್ಯದ ಎರಡು ವೃತ್ತಗಳು ಒಂದಕ್ಕೊಂದು ತಾಗಿ ನಿಂತಿದ್ದರೂ ‘ದೂರ 10’ ಎನ್ನುತ್ತದೆ! ಕುಕ್ಕರಿಗೆ ಗ್ಯಾಸ್ಕೆಟ್ ಇದೆ, ಕುಕ್ಕರೇ ಗ್ಯಾಸ್ಕೆಟ್ ಅಲ್ಲ. ಸವೆದರೆ ಅದೊಂದನ್ನೇ ಬದಲಾಯಿಸುತ್ತೇವೆ. ಹೀಗೆ ಒಂದರೊಳಗೆ ಇನ್ನೊಂದನ್ನು ಇಟ್ಟು ಕಟ್ಟುವುದೇ ಕಾಂಪೊಸಿಷನ್.

‘ಹಾಗಾದರೆ ಚೌಕ? ಚೌಕ ಆಯತವೇ ತಾನೆ?’ ಎಂದಳು. ಗಣಿತದಲ್ಲಿ ಹೌದು. ಪ್ರೋಗ್ರಾಮಿನಲ್ಲಿ ಆಯತದ ಉದ್ದ 5, ಆಮೇಲೆ ಅಗಲ 4 ಎಂದು ಕೊಟ್ಟವರು ವಿಸ್ತೀರ್ಣ 20 ಎಂದು ನಂಬಿರುತ್ತಾರೆ. ಆಯತದ ಜಾಗದಲ್ಲಿ ಚೌಕ ಕೂತಿದ್ದರೆ, ಅಗಲದ ಜೊತೆ ಉದ್ದವನ್ನೂ 4 ಮಾಡಿಕೊಂಡು 16 ಎನ್ನುತ್ತದೆ. ಒಮ್ಮೆ ಕೊಟ್ಟ ಅಳತೆಯನ್ನು ಬದಲಾಯಿಸುವಂತಿಲ್ಲ ಎಂದರೆ ಈ ಜಗಳವೇ ಇಲ್ಲ. ಹಾಗಾಗಿ ಇನ್‌ಹೆರಿಟೆನ್ಸ್ ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ 1994ರ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕದ ನಾಲ್ವರು ಲೇಖಕರೂ ಕಾಂಪೊಸಿಷನ್ನಿಗೇ ಮೊದಲ ಮಣೆ ಹಾಕಿದ್ದಾರೆ. ಇದನ್ನು ಕೇಳಿ ಅವಳ ಮುಖ ಸ್ವಲ್ಪ ಅರಳಿತು.

ಈಗ ಪೈಥಾನ್‌ನಲ್ಲಿ ರಂಗೋಲಿ ಬಿಡಿಸುತ್ತಿದ್ದಾಳೆ. ಒಂದರೊಳಗೊಂದು ಐದು ವೃತ್ತ, ಐದಕ್ಕೂ ಅದೇ ಒಂದು ಕೇಂದ್ರಬಿಂದು. ನಿನ್ನೆ ಆ ಬಿಂದುವಿನ ಎಕ್ಸನ್ನು ಬದಲಾಯಿಸಿದ್ದೇ ತಡ, ಐದೂ ವೃತ್ತ ಒಟ್ಟಿಗೇ ಬಲಕ್ಕೆ ಸರಿದವು. ‘ಅಮ್ಮಾ, ಬೇಗ ಬಾ!’ ಎಂದು ಕೂಗಿದಳು. ಒಲೆ ಆರಿಸಿ ಓಡಿದೆ.