ನೆಲದಲ್ಲೇ ಬೆಳೆದ ಇಟ್ಟಿಗೆ

ಒಂದು ಪದದ ಮೊದಲ ಅಕ್ಷರಕ್ಕಾಗಿ ನಾನು ಅಪ್ಪನನ್ನು ನೋಯಿಸಿದೆ. ಮೂವತ್ತು ವರ್ಷ ಕಳೆದರೂ ಆ ಸಂಜೆ ನನ್ನನ್ನು ಬಿಟ್ಟಿಲ್ಲ.

ಮೈಸೂರಿನ ಅಶೋಕಪುರಂನ ನಮ್ಮ ಬೀದಿಯಿಂದ ಭೂವಿಜ್ಞಾನ ಓದಲು ಹೋದವನು ನಾನು. ಅಪ್ಪ ಗಾರೆ ಕೆಲಸದವರು, ಮಂಗಳೂರಿನ ಕಡೆ ದುಡಿದು ಬಂದಿದ್ದರು. ನನ್ನ ಗೆಳೆಯರು ಮನೆಗೆ ಬಂದಿದ್ದ ದಿನ ಅಪ್ಪ ಆ ಕಡೆಯ ಮುರಕಲ್ಲಿನ ಮಾತು ತೆಗೆದರು. “ನೆಲದಲ್ಲೇ ಬೆಳೆದ ಇಟ್ಟಿಗೆ ಕಣ್ರಪ್ಪ ಅದು. ಅಗೆಯುವಾಗ ಮೆತ್ತಗಿರ್ತದೆ, ಕುಯ್ದು ಗಾಳಿಗಿಟ್ರೆ ಗಟ್ಟಿಯಾಯ್ತದೆ.” ಚಾಮುಂಡಿ ಬೆಟ್ಟದ ಗ್ರಾನೈಟ್ ನೋಡಿ ಬೆಳೆದ ನಮಗೆ ಅದು ಹೊಸ ಸಂಗತಿ. ಆದರೂ ನಾನು ಅಡ್ಡ ಬಾಯಿ ಹಾಕಿದೆ: “ಇಟ್ಟಿಗೆ ಅಲ್ಲ, ಲ್ಯಾಟರೈಟ್ ಅನ್ನಬೇಕು.” ಅಪ್ಪ “ಲೇಟ್ರೇಟು” ಎಂದರು. “ಲೇ ಅಲ್ಲ, ಲ್ಯಾ” ಎಂದು ಎಲ್ಲರೆದುರು ತಿದ್ದಿದೆ. ಗೆಳೆಯರು ನಕ್ಕರು. ಅಪ್ಪ ಎದ್ದು ಒಳಗೆ ಹೋದರು.

ಹಿಂದಿನ ವಾರವಷ್ಟೇ ತರಗತಿಯಲ್ಲಿ ನಾನೂ ‘ಲೇಟರೈಟ್’ ಎಂದು ತಪ್ಪಿ ತಲೆ ತಗ್ಗಿಸಿದ್ದೆ. ಆ ಅವಮಾನವನ್ನು ಅಪ್ಪನ ತಲೆಗೆ ದಾಟಿಸಿದೆ.

ಎಷ್ಟೋ ವರ್ಷಗಳ ಮೇಲೆ ಫ್ರಾನ್ಸಿಸ್ ಬುಕನನ್ ಬರೆದದ್ದನ್ನು ಓದಿದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿದವನು ಆತ. ಇಂದಿನ ಕೇರಳದ ಅಂಗಾಡಿಪುರಂನಲ್ಲಿ ಕಂಡ ಈ ಕಲ್ಲಿಗೆ 1807ರಲ್ಲಿ ಅಚ್ಚಾದ ಪ್ರವಾಸ ಕಥನದಲ್ಲಿ ‘ಲ್ಯಾಟರೈಟ್’ ಎಂಬ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ‘ಲಟೆರ್’ ಎಂದರೆ ಇಟ್ಟಿಗೆ! ಈ ನಾಡಿನ ಜನ ಇದನ್ನು ‘ಇಟಿಕ ಕಲ್ಲು’ ಅನ್ನುತ್ತಾರೆಂದು ಆತನೇ ದಾಖಲಿಸಿದ್ದಾನೆ. ಸಂಸ್ಕೃತದ ಇಷ್ಟಿಕಾ ಕನ್ನಡದಲ್ಲಿ ಇಟ್ಟಿಗೆಯಾಗಿದೆ, ಕಲ್ಲು ನಮ್ಮದೇ. ಮಳೆ ಸಿಲಿಕಾವನ್ನು ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಂ ಉಳಿದು ಈ ಕಲ್ಲಾಗುತ್ತದೆಂದು ವಿಜ್ಞಾನ ವಿವರಿಸಿತು. ಆದರೆ ಅದನ್ನು ಇಟ್ಟಿಗೆ ಎಂದು ಮೊದಲು ಗುರುತಿಸಿದ್ದು ಕಲ್ಲು ಕುಯ್ಯುವ ಕೈಗಳು.

ಅಪ್ಪ ಹೇಳಿದ್ದು ಆ ಪದದ ಅರ್ಥವನ್ನೇ. ನಾನು ಕಲಿತಿದ್ದು ಬರೀ ಉಚ್ಚಾರಣೆ. ಪುಸ್ತಕ ನನ್ನ ಕೈಗೆ ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. ತಪ್ಪಾಯಿತು ಎನ್ನಲು ಆಗಲಿಲ್ಲ.

ಓದಿದ ಮಕ್ಕಳಲ್ಲಿ ನನ್ನದೊಂದು ಕೋರಿಕೆ: ಮನೆಯವರ ನಾಲಿಗೆ ತಿದ್ದುವ ಮೊದಲು ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ.