ಕಿಟಕಿ ಪಕ್ಕದ ಸೀಟು: ಯಾವ ಕಡೆ, ಯಾರಿಗೆ?

ಪ್ರವಾಸಕ್ಕೆ ಹೊರಡುವ ಮುಂಚೆ ನಮ್ಮ ಮನೆಗಳಲ್ಲಿ ಎಷ್ಟೆಲ್ಲ ಚರ್ಚೆ ನಡೆಯುತ್ತದೆ! ಸ್ವೆಟರ್ ಎಷ್ಟು ಬೇಕು, ಅಲ್ಲಿ ಅನ್ನ ಸಿಗುತ್ತದೋ ಇಲ್ಲವೋ, ಉಪ್ಪಿನಕಾಯಿ ಡಬ್ಬಿಯನ್ನು ಯಾವ ಬ್ಯಾಗಿನಲ್ಲಿಡುವುದು ಎಂಬುದೆಲ್ಲ ವಾರಗಟ್ಟಲೆ ಮಾತಿಗೆ ಬರುತ್ತದೆ. ಆದರೆ ವಿಮಾನದಲ್ಲಿ ಯಾರು ಎಲ್ಲಿ ಕೂರಬೇಕೆಂದು ಯಾರೂ ಕೇಳುವುದಿಲ್ಲ. ಕೌಂಟರಿನಲ್ಲಿ ಕೊಟ್ಟ ಬೋರ್ಡಿಂಗ್ ಪಾಸ್ ಹಿಡಿದುಕೊಂಡು ಒಳಗೆ ನಡೆಯುತ್ತೇವೆ. ಅದೃಷ್ಟಕ್ಕೆ ಕಿಟಕಿ ಪಕ್ಕದ ಸೀಟು ಬಂದಿದ್ದರೆ ಮನೆಯ ಹುಡುಗರು ಮೊದಲೇ ಓಡಿ ಹೋಗಿ ಕುಳಿತಿರುತ್ತಾರೆ. ನಡುವಿನ ಸೀಟು ತಾಯಂದಿರದು. ಮಡಿಲಲ್ಲೊಂದು ಮಗು, ಕಾಲಬುಡದಲ್ಲೊಂದು ಚೀಲ.

ಎಲ್ಲ ಪ್ರಯಾಣಗಳಲ್ಲೂ ಇದರಿಂದ ದೊಡ್ಡ ನಷ್ಟವಿಲ್ಲ. ಮಂಗಳೂರಿನಿಂದ ದುಬೈಗೆ ಹೋಗುವವರಿಗೆ ದಾರಿಯುದ್ದಕ್ಕೂ ಹೆಚ್ಚಾಗಿ ಕಾಣುವುದು ಸಮುದ್ರ ಮತ್ತು ಮೋಡ. ಆದರೆ ನೀವು ಕುಟುಂಬ ಸಮೇತ ಕಾಶ್ಮೀರಕ್ಕೆ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ದೆಹಲಿಯಿಂದ ಶ್ರೀನಗರಕ್ಕೆ ಸುಮಾರು ಒಂದೂವರೆ ಗಂಟೆಯ ಹಾರಾಟ. ಅದರ ಕೊನೆಯ ಅರ್ಧ ಗಂಟೆಯಲ್ಲಿ ಕಿಟಕಿಯಾಚೆ ಕಾಣುವುದು ಹಿಮಾಲಯ. ಅದೂ ಒಂದು ಕಡೆಯ ಕಿಟಕಿಯಲ್ಲಿ ಹೆಚ್ಚು, ಇನ್ನೊಂದು ಕಡೆ ಕಡಿಮೆ. ತಪ್ಪು ಬದಿಯಲ್ಲಿ ಕುಳಿತವರು ಪಕ್ಕದ ಸಾಲಿನವರ ಉದ್ಗಾರ ಕೇಳುತ್ತಾ ಕತ್ತು ಚಾಚುವುದಷ್ಟೇ.

ಸರಿಯಾದ ಬದಿ ತಿಳಿಯಲು ಯಾವ ವಿದ್ಯೆಯೂ ಬೇಡ. ಹೊಸ ಮನೆಗೆ ಹೋದಾಗ ನಾವು ಮೊದಲು ಕೇಳುವುದು ಕಿಬ್ಲಾ ಯಾವ ಕಡೆ ಎಂದು. ಕೇಳಲು ಯಾರೂ ಇಲ್ಲದಿದ್ದರೆ ಸೂರ್ಯನನ್ನು ನೋಡಿ ದಿಕ್ಕು ಅಂದಾಜು ಮಾಡುವುದು ಅಕ್ಷರ ತಿಳಿಯದ ನಮ್ಮ ಅಜ್ಜಿಯಂದಿರಿಗೂ ಗೊತ್ತಿತ್ತು. ಇಲ್ಲಿಯೂ ಅಷ್ಟೇ ಸಾಕು. ಮಕ್ಕಳ ಶಾಲೆಯ ಅಟ್ಲಾಸ್ ತೆಗೆದು ದೆಹಲಿ ಮತ್ತು ಶ್ರೀನಗರದ ಮೇಲೆ ಒಂದು ಪೆನ್ಸಿಲ್ ಅಡ್ಡ ಇಡಿ. ಅದರ ತುದಿ ಉತ್ತರಕ್ಕೆ, ಸ್ವಲ್ಪ ಪಶ್ಚಿಮಕ್ಕೆ ವಾಲಿಕೊಂಡು ನಿಲ್ಲುತ್ತದೆ. ಹಿಮಾಲಯದ ದೊಡ್ಡ ಶ್ರೇಣಿಗಳು ಪೆನ್ಸಿಲ್‌ನ ಬಲಕ್ಕಿವೆ. ಹೋಗುವಾಗ ಬಲಗಡೆ, ಬರುವಾಗ ಎಡಗಡೆ. ಮುಖ್ಯ ಲೆಕ್ಕ ಇಷ್ಟೇ.

ಈ ಮಾರ್ಗದಲ್ಲಿ ಹೆಚ್ಚಾಗಿ ಹಾರುವ ಏರ್‌ಬಸ್ 320, ಬೋಯಿಂಗ್ 737 ವಿಮಾನಗಳಲ್ಲಿ ಒಂದು ಸಾಲಿಗೆ ಆರು ಸೀಟುಗಳು. ಮುಂದಕ್ಕೆ ಮುಖ ಮಾಡಿ ನಿಂತರೆ ಎಡಗಡೆ ಎ, ಬಿ, ಸಿ. ಬಲಗಡೆ ಡಿ, ಇ, ಎಫ್. ಕಿಟಕಿ ಪಕ್ಕದವು ಎ ಮತ್ತು ಎಫ್. ಹಾಗಾಗಿ ಶ್ರೀನಗರಕ್ಕೆ ಹೋಗುವಾಗ ಎಫ್ ಕೇಳಬೇಕು.

ಆದರೆ ಎಲ್ಲ ಎಫ್ ಸೀಟುಗಳೂ ಒಂದೇ ಅಲ್ಲ. ವಿಮಾನದ ನಡುಭಾಗದಲ್ಲಿ, ಸ್ಥೂಲವಾಗಿ 10ರಿಂದ 20ರವರೆಗಿನ ಸಾಲುಗಳಲ್ಲಿ ಕುಳಿತರೆ ಕೆಳಗೆ ಬೆಟ್ಟದ ಬದಲು ರೆಕ್ಕೆ ಕಾಣುತ್ತದೆ. ತುರ್ತು ಬಾಗಿಲಿನ ಸಾಲೂ ಅಲ್ಲೇ ಇದ್ದು, ಮಕ್ಕಳನ್ನು ಮತ್ತು ಕೈಲಾಗದ ಹಿರಿಯರನ್ನು ಅಲ್ಲಿ ಕೂರಿಸುವುದಿಲ್ಲ. ಬೋಯಿಂಗ್ 737ರಲ್ಲಿ ಒಂದೆರಡು ಸಾಲುಗಳಿಗೆ ಕಿಟಕಿಯೇ ಇಲ್ಲ, ಬರೀ ಗೋಡೆ. ಹೆಸರಿಗೆ ಮಾತ್ರ ವಿಂಡೋ ಸೀಟು! ಮುಂದಿನ ಸಾಲುಗಳಲ್ಲಿ ನೋಟ ಚೆನ್ನ, ಆದರೆ ದರವೂ ಹೆಚ್ಚು. ಹಿಂದಿನ ಸಾಲುಗಳಲ್ಲಿ ಎಂಜಿನ್ನಿನ ಬಿಸಿಗಾಳಿಯಿಂದ ದೂರದ ದೃಶ್ಯ ತುಸು ನಡುಗಿದಂತೆ ಕಾಣುವುದುಂಟು. ಅದರಿಂದ ತೊಂದರೆ ಕ್ಯಾಮೆರಾಕ್ಕೆ, ಕಣ್ಣಿಗಲ್ಲ. ನನ್ನ ಮಟ್ಟಿಗೆ 23ರಿಂದ ಹಿಂದಿನ ಸಾಲುಗಳು ಮಧ್ಯಮ ವರ್ಗದ ಕುಟುಂಬಕ್ಕೆ ಒಳ್ಳೆಯ ಆಯ್ಕೆ. ಶೌಚಾಲಯವೂ ಹತ್ತಿರ, ಮಕ್ಕಳಿದ್ದವರಿಗೆ ಅದರ ಬೆಲೆ ಗೊತ್ತು.

ಸೀಟು ಆರಿಸಿಕೊಳ್ಳಲು ಬೇರೆ ಹಣ ಕೊಡಬೇಕಾಗುತ್ತದೆ. ಮನೆಗಳಲ್ಲಿ ಮಾತು ಮುರಿಯುವುದು ಇಲ್ಲೇ. "ಕುಳಿತು ಹೋಗುವುದಕ್ಕೆ ಯಾವ ಸೀಟಾದರೇನು?" ಎನ್ನುತ್ತಾರೆ ಗಂಡಸರು. 2023ರ ಏಪ್ರಿಲ್‌ನಲ್ಲಿ, ಈದ್ ಮುಗಿದ ವಾರ ನಾವು ಆರು ಜನ ಹೊರಟಾಗ ನಮ್ಮ ಮನೆಯವರೂ ಇದನ್ನೇ ಅಂದರು. ಆರು ಸೀಟಿಗೂ ಹಣ ಕಟ್ಟುವುದು ನನಗೂ ಸರಿ ಕಾಣಲಿಲ್ಲ. "ಒಂದಕ್ಕೆ ಮಾತ್ರ ಕಟ್ಟಿ, ಅದು ಅತ್ತೆಯವರಿಗೆ" ಎಂದೆ. ಅವರಿಗೆ ಎಪ್ಪತ್ತು ದಾಟಿತ್ತು. ಘಟ್ಟ ಹತ್ತಿ ಬೆಂಗಳೂರಿಗೆ ಬಂದದ್ದೂ ಆಸ್ಪತ್ರೆಗಾಗಿಯೇ ಎರಡು ಸಲ. ಮಕ್ಕಳು ಬೆಳೆದ ಮೇಲೆ ಎಷ್ಟು ಸಲ ಬೇಕಾದರೂ ವಿಮಾನ ಹತ್ತಿಯಾರು. ಅತ್ತೆಯವರಿಗೆ ಆ ದಾರಿ ಮತ್ತೆ ಸಿಗುವುದು ಕಷ್ಟ ಎಂದು ನಮಗೆಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಯಾರೂ ಹೇಳಲಿಲ್ಲ.

"ನನಗೆ ಯಾಕಮ್ಮಾ, ಮಕ್ಕಳು ನೋಡಲಿ" ಎಂದು ಅವರು ಎರಡು ಸಲ ಎದ್ದರು. ನಾನು ಬೆಲ್ಟ್ ಹಾಕಿ ಕೂರಿಸಿದೆ.

ಪಂಜಾಬಿನ ಚೌಕಾಕಾರದ ಹೊಲಗಳು ಮುಗಿದ ಮೇಲೆ ಮೊದಲು ಬರುವುದು ಶಿವಾಲಿಕ್‌ನ ಕಂದು ಗುಡ್ಡಗಳು. ಬಲಕ್ಕೆ ದೂರದಲ್ಲಿ ಧೌಲಾಧಾರ್ ಬಿಳಿ ಗೋಡೆಯಂತೆ ಎದ್ದಿರುತ್ತದೆ. ಆಮೇಲೆ ಪೀರ್ ಪಂಜಾಲ್. ಜಮ್ಮುವಿನ ಕಡೆಯ ಬಯಲನ್ನೂ ಕಾಶ್ಮೀರ ಕಣಿವೆಯನ್ನೂ ಬೇರ್ಪಡಿಸುವ ಶ್ರೇಣಿ ಇದೇ. ಗಾಳಿ ತಿಳಿಯಾಗಿದ್ದರೆ ಬಲಕ್ಕೆ ಇನ್ನೂ ಆಚೆ ನುನ್ ಮತ್ತು ಕುನ್ ಎಂಬ ಜೋಡಿ ಶಿಖರಗಳು ಉಳಿದೆಲ್ಲವನ್ನೂ ಮೀರಿ ನಿಂತಿರುತ್ತವೆ. ನುನ್ 7,135 ಮೀಟರ್, ಕುನ್ 7,077 ಮೀಟರ್. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಎಂದು ನೆನಪಿಸಿಕೊಂಡರೆ ಅಂದಾಜು ಸಿಗುತ್ತದೆ. 35,000 ಅಡಿ ಎತ್ತರದಿಂದ ದಿಗಂತ ಸುಮಾರು 370 ಕಿಲೋಮೀಟರ್ ದೂರದಲ್ಲಿರುತ್ತದೆ, ಆದ್ದರಿಂದಲೇ ಲಡಾಖ್ ಕಡೆಯ ಈ ಶಿಖರಗಳು ಇಲ್ಲಿಗೆ ಕಾಣುವುದು.

ಅತ್ತೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಕೈ ಹಿಡಿದು, "ಇಷ್ಟೊಂದು ಜಾಗ ಖಾಲಿ ಬಿದ್ದಿದೆಯಲ್ಲಾ, ಇಲ್ಲಿ ಯಾರೂ ಇಲ್ಲವಾ?" ಎಂದು ಕೇಳಿದರು.

ಇದ್ದಾರೆ. ಮೇಲಿನಿಂದ ಕಾಣುವುದಿಲ್ಲ ಅಷ್ಟೇ. ಪ್ರತಿ ವರ್ಷ ವಸಂತದಲ್ಲಿ ಗುಜ್ಜರ್ ಮತ್ತು ಬಕರ್ವಾಲ್ ಕುಟುಂಬಗಳು ಜಮ್ಮು, ರಜೌರಿ, ಪೂಂಛ್ ಕಡೆಯಿಂದ ಕುರಿ, ಮೇಕೆ, ಕುದುರೆಗಳೊಂದಿಗೆ ಇದೇ ಪೀರ್ ಪಂಜಾಲ್ ದಾಟಿ ಕಾಶ್ಮೀರದ ಹುಲ್ಲುಗಾವಲುಗಳಿಗೆ ಹೋಗುತ್ತವೆ. ಚಳಿಗಾಲ ಬರುವ ಮುಂಚೆ ಮರಳುತ್ತವೆ. ಅವರಲ್ಲಿ ಬಹುತೇಕರು ಮುಸ್ಲಿಮರು. ಹೆಂಗಸರು ಹಸುಗೂಸುಗಳನ್ನು ಹೊತ್ತು ನಡೆಯುತ್ತಾರೆ. ಪಾತ್ರೆ, ಹಾಸಿಗೆ, ಆಗ ತಾನೇ ಹುಟ್ಟಿದ ಕುರಿಮರಿಗಳು ಕುದುರೆಯ ಮೇಲೆ. ನಾವು ಕೆಲವೇ ನಿಮಿಷದಲ್ಲಿ ದಾಟುವ ಹಿಮದ ಸಾಲನ್ನು ಅವರು ದಾಟಲು ದಿನಗಳು, ವಾರಗಳು ಬೇಕು. ಇದನ್ನು ಹೇಳಿದಾಗ ಅತ್ತೆಯವರು ಕೇಳಿದ್ದು ಒಂದೇ ಪ್ರಶ್ನೆ: "ದಾರಿಯಲ್ಲಿ ಹೆರಿಗೆಯಾದರೆ?" ಆ ಪ್ರಶ್ನೆಗೆ ನನ್ನ ಬಿ.ಎ. ಪದವಿಯಲ್ಲಿ ಉತ್ತರವಿರಲಿಲ್ಲ.

ಎಡಗಡೆ ಸಿಕ್ಕಿದವರು ಪೂರ್ತಿ ನಿರಾಶರಾಗಬೇಕಿಲ್ಲ. ಪೀರ್ ಪಂಜಾಲ್ ಆ ಕಡೆಗೂ ಹಬ್ಬಿದೆ. ಸುಮಾರು 3,490 ಮೀಟರ್ ಎತ್ತರದ ಪೀರ್ ಕಿ ಗಲಿ ಕಣಿವೆದಾರಿ ಅಲ್ಲೇ ಬರುತ್ತದೆ. ಮೊಘಲರು ಕಾಶ್ಮೀರಕ್ಕೆ ಹೋಗಿಬರುತ್ತಿದ್ದ ಹಾದಿ ಅದು. 1627ರಲ್ಲಿ ಕಾಶ್ಮೀರದಿಂದ ಮರಳುವಾಗ ಜಹಾಂಗೀರ್ ಪ್ರಾಣ ಬಿಟ್ಟದ್ದೂ ಆ ಹಾದಿಯಲ್ಲಿಯೇ. ನೂರ್‌ಜಹಾನ್ ಜೊತೆಗಿದ್ದಳು.

ಇನ್ನು ಹೊತ್ತು ಮತ್ತು ಋತು. ಬೆಳಗಿನ ವಿಮಾನದಲ್ಲಿ ಆಕಾಶ ಸ್ವಚ್ಛವಾಗಿರುತ್ತದೆ, ಆದರೆ ಸೂರ್ಯನೂ ಬಲಗಡೆಯೇ ಇರುವುದರಿಂದ ಕಣ್ಣು ಕುಕ್ಕುತ್ತದೆ. ಮಧ್ಯಾಹ್ನದ ಮೇಲೆ ಬೆಳಕು ಚೆನ್ನಾಗಿ ಬೆಟ್ಟದ ಮೇಲೆ ಬೀಳುತ್ತದೆ, ಆದರೆ ಮೋಡ ಸೇರುವುದೂ ಆಗಲೇ. ಹತ್ತು ಹನ್ನೊಂದು ಗಂಟೆಯ ವಿಮಾನ ಸಿಕ್ಕಿದರೆ ಬಿಡಬೇಡಿ. ಏಪ್ರಿಲ್‌ನಲ್ಲಿ ಪೀರ್ ಪಂಜಾಲ್ ಮೇಲೆ ಹಿಮ ಇನ್ನೂ ಇರುತ್ತದೆ, ನಮ್ಮ ಶಾಲೆಗಳ ರಜೆಗೂ ಸರಿಹೊಂದುತ್ತದೆ. ಮೇ, ಜೂನ್‌ನಲ್ಲಿ ಬಯಲಿನ ಧೂಳು ದೂರದ ನೋಟವನ್ನು ಮಸುಕು ಮಾಡುತ್ತದೆ. ದಸರಾ ರಜೆಯಲ್ಲಿ ಗಾಳಿ ಅತಿ ತಿಳಿ, ಆದರೆ ಹತ್ತಿರದ ಬೆಟ್ಟಗಳಲ್ಲಿ ಹೆಚ್ಚಾಗಿ ಬಂಡೆಯೇ ಕಾಣುತ್ತದೆ. ಡಿಸೆಂಬರ್, ಜನವರಿಯಲ್ಲಿ ಹಿಮವೇನೋ ಬೇಕಾದಷ್ಟು, ಮಂಜಿನಿಂದ ವಿಮಾನ ತಡವಾಗುವುದಕ್ಕೂ ಸಿದ್ಧರಿರಬೇಕು.

ಒಂದು ಎಚ್ಚರಿಕೆ. ಶ್ರೀನಗರ ನಿಲ್ದಾಣ ವಾಯುಪಡೆಯದು, ಅಲ್ಲಿ ಫೋಟೊ ತೆಗೆಯುವಂತಿಲ್ಲ. 2025ರ ಮೇ ತಿಂಗಳಲ್ಲಿ ಇಂಥ ನಿಲ್ದಾಣಗಳಲ್ಲಿ ಏರುವಾಗ, ಇಳಿಯುವಾಗ 10,000 ಅಡಿಗಿಂತ ಕೆಳಗೆ ಕಿಟಕಿಯ ಪರದೆ ಮುಚ್ಚಿರಬೇಕೆಂಬ ಆದೇಶವೂ ಬಂದಿತ್ತು. ಸಿಬ್ಬಂದಿ ಏನು ಹೇಳುತ್ತಾರೋ ಹಾಗೆ ಮಾಡಿ, ಮಕ್ಕಳ ಕೈಯಿಂದ ಮೊಬೈಲ್ ತೆಗೆದಿಡಿ. ನೋಡಬೇಕಾದದ್ದನ್ನು ಮೇಲೆ ಹಾರುತ್ತಿರುವಾಗಲೇ ನೋಡಿಬಿಡುವುದು ಜಾಣತನ.

ಇದೇ ಪೆನ್ಸಿಲ್ ಲೆಕ್ಕ ಬೇರೆ ದಾರಿಗಳಿಗೂ ಆಗುತ್ತದೆ. ದೆಹಲಿಯಿಂದ ಕಠ್ಮಂಡುವಿಗೆ ಹೋಗುವಾಗ ಹಿಮಾಲಯ ಎಡಕ್ಕೆ: ಧೌಲಗಿರಿ, ಅನ್ನಪೂರ್ಣ, ಮನಸ್ಲು. ಬಾಗ್‌ಡೋಗ್ರಾಕ್ಕೂ ಎಡವೇ, ಅಲ್ಲಿ ಕಾಂಚನಜುಂಗಾ. ಲೇಹ್ ಮಾತ್ರ ಸ್ವಲ್ಪ ಬೇರೆ. ವಿಮಾನ ಹೆಚ್ಚುಕಡಿಮೆ ನೇರ ಉತ್ತರಕ್ಕೆ, ಬೆಟ್ಟಗಳ ನಡುವೆಯೇ ಹಾರುವುದರಿಂದ ಎರಡೂ ಬದಿ ಚೆನ್ನ. ವಿಮಾನಗಳು ಹೆಚ್ಚಾಗಿ ಬೆಳಿಗ್ಗೆಯೇ ಇರುವುದರಿಂದ ಬಿಸಿಲು ಬಲಕ್ಕೆ, ಹಾಗಾಗಿ ಎಡಗಡೆಯ ಎ ವಾಸಿ. ನುನ್, ಕುನ್ ಕೂಡ ಆ ಬದಿಗೇ ಬರುತ್ತವೆ. ಆದರೆ ಲೇಹ್ ನಿಲ್ದಾಣವೇ 3,256 ಮೀಟರ್ ಎತ್ತರದಲ್ಲಿದೆ. ಅತ್ತೆಯವರಂಥ ಹಿರಿಯರನ್ನು ವೈದ್ಯರಿಗೆ ತೋರಿಸದೆ ಅಲ್ಲಿಗೆ ಕರೆದೊಯ್ಯಬೇಡಿ.

ಹಣ ಕಟ್ಟಲು ಸಾಧ್ಯವಾಗದಿದ್ದರೆ ವೆಬ್ ಚೆಕ್-ಇನ್ ತೆರೆದ ಕೂಡಲೇ ನೋಡಿ. ಒಮ್ಮೊಮ್ಮೆ ಹಿಂದಿನ ಸಾಲುಗಳಲ್ಲಿ ಸಿಕ್ಕಿಬಿಡುತ್ತದೆ. ಅದೂ ಇಲ್ಲವಾದರೆ ಕಿಟಕಿ ಪಕ್ಕದವರನ್ನು ಕೇಳಿ, "ಹತ್ತು ನಿಮಿಷ ನಮ್ಮ ತಾಯಿ ಕೂರಬಹುದಾ?" ಎಂದು. ನಿದ್ದೆ ಮಾಡುವ ಪ್ರಯಾಣಿಕರು ಸಂತೋಷದಿಂದಲೇ ಎದ್ದು ಕೊಡುತ್ತಾರೆ.

ಮರಳುವಾಗ ಎ ಮರೆಯಬೇಡಿ. ಸಂಜೆಯ ವಿಮಾನವಾದರೆ ಇನ್ನೂ ಒಳ್ಳೆಯದು. ಸೂರ್ಯ ಬಲಗಡೆಗಿದ್ದು ಎಡಗಡೆಯ ಹಿಮವೆಲ್ಲ ಹೊಂಬಣ್ಣಕ್ಕೆ ತಿರುಗಿರುತ್ತದೆ. ಪಂಜಾಬಿನ ಬಯಲು ಶುರುವಾದ ಮೇಲೆ, ದಾರಿಯುದ್ದಕ್ಕೂ ಗೋಗರೆಯುತ್ತಿರುವ ಮಗುವಿಗೆ ಆ ಸೀಟು ಬಿಟ್ಟುಕೊಡಬಹುದು.